ವತ್ಸನಾಭಿಯ ವಿಚಾರ

(ವೈದ್ಯರೂ ಸಾರ್ವಜನಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ವನೌಷಧಿಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದಿರಿ. ವನೌಷಧಿಯೆಂದ ಕೂಡಲೆ ತುಳಸಿ, ಅಮೃತಬಳ್ಳಿ, ನೆಲ್ಲಿ, ಬೇವುಗಳ ಗುಣಗಾನ ಮಾಡುವದು ವಾಡಿಕೆಯಾಗಿದೆ. ಅವು ನಮ್ಮ ಹಿತ್ತಲಿನ ಬಂಧುಗಳು. ಅವುಗಳ ಸ್ತುತಿಯನ್ನು ಎಷ್ಟು ಮಾಡಿದರೂ ಕಡಮೆಯೇ. ಆದರೆ ಸ್ತುತಿಯಿಂದ ಸಭೆಗೆ ಸಂತೋಷವಾದೀತಲ್ಲದೆ ಹೊಸ ತಿಳಿವಳಿಕೆಯೇನೂ ಆಗಲಾರದು. ಆದುದರಿಂದ ನಾವು ಇಂದು ಬೇರೊಂದು ಮೂಲಿಕೆಯನ್ನು ಆರಿಸಿಕೊಂಡಿರುವೆವು. ಅದು ನಮ್ಮ ಹಿತ್ತಲಿನದಲ್ಲ. ನಮ್ಮ ಸಹ್ಯಾದ್ರಿಯದೂ ಅಲ್ಲ. ಹಿಮಾಲಯದ ಎತ್ತರವಾದ ಇಳಿಜಾರುಗಳಲ್ಲಿ, ಮನುಷ್ಯನ ಆರೈಕೆಯಿಲ್ಲದೆ, ಮಂಜು ಕರಗುವ ಕಾಲಕ್ಕೆ ತಾನಾಗಿ ಚಿಗುರುವ ಗಿಡವದು. ಸಂಸ್ಕೃತದಲ್ಲಿ ವತ್ಸನಾಭ, ಕನ್ನಡದಲ್ಲಿ ವತ್ಸನಾಭಿ, ವ್ಯಾಪಾರಿಗಳ ಬಾಯಲ್ಲಿ ಬಚನಾಗ. ನೇಪಾಳದವರು ಅದಕ್ಕೆ ಬಿಖ್ ಎಂದೇ ಕರೆಯುವರು. ಬಿಖ್ ಎಂದರೆ ವಿಷ. ವಿಷವೆಂಬ ಸಾಮಾನ್ಯನಾಮವು ಒಂದು ಗಿಡದ ಸ್ವಂತ ಹೆಸರಾಗಿ ನಿಂತಿತೆಂದ ಮೇಲೆ ಅದರ ಉಗ್ರತೆಯನ್ನು ಬೇರೆ ವರ್ಣಿಸಬೇಕೆ?

ನಮ್ಮ ನಾಡಿನಲ್ಲಿ ಬೆಳೆಯದ ಗಿಡದ ಚಿಂತೆ ನಮಗೇಕೆಂದು ಕೆಲವರು ಕೇಳಬಹುದು. ಗಿಡ ಇಲ್ಲಿ ಬೆಳೆಯದಿದ್ದರೂ ಅದರ ಗೆಡ್ಡೆ ನಮ್ಮ ಪೇಟೆಗಳ ಗ್ರಂಧಿಗೆ ಅಂಗಡಿಗಳಿಗೆ ಬರುವದು. ಜ್ವರಕ್ಕೂ ನೆಗಡಿಗೂ ನಮ್ಮವರು ನುಂಗುವ ಎಷ್ಟೋ ಗುಳಿಗೆಗಳಲ್ಲಿ ಅದು ಇರುವದು. ತ್ರಿಭುವನಕೀರ್ತಿ, ಆನಂದಭೈರವ, ಮೃತ್ಯುಂಜಯ, ಹಿಂಗುಲೇಶ್ವರ ಎಂಬ ಹೆಸರುಗಳನ್ನು ಕೇಳದ ಮನೆಗಳು ಈ ನಾಡಿನಲ್ಲಿ ಹೆಚ್ಚಿಲ್ಲ. ಇವೆಲ್ಲ ವತ್ಸನಾಭಿ ಕೂಡಿದ ರಸೌಷಧಗಳೇ. ಹೀಗೆ ನಾವು ಕಣ್ಣಿನಿಂದ ಕಾಣದ ಗಿಡವೊಂದು ನಮ್ಮ ಹೊಟ್ಟೆಯನ್ನು ಸೇರುತ್ತಿರುವಾಗ, ಅದರ ಗುಣದೋಷಗಳನ್ನು ತಿಳಿದುಕೊಳ್ಳುವದು ವೈದ್ಯರ ಕೆಲಸವಷ್ಟೇ ಅಲ್ಲ, ನುಂಗುವವರ ಹಕ್ಕೂ ಆಗಿರುವದು.

ಗಿಡದ ಪರಿಚಯ

ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಈ ಜಾತಿಗೆ ಅಕೋನೈಟಮ್ ಎಂದು ಹೆಸರಿಟ್ಟಿರುವರು. ಭೂಮಿಯ ಉತ್ತರಾರ್ಧದ ತಂಪು ನಾಡುಗಳಲ್ಲೆಲ್ಲ ಹರಡಿರುವ ಈ ಜಾತಿಯಲ್ಲಿ ಇನ್ನೂರೈವತ್ತಕ್ಕೂ ಮೇಲ್ಪಟ್ಟು ಪ್ರಭೇದಗಳಿವೆ. ನಮ್ಮ ವತ್ಸನಾಭಿಯೆಂದು ಹೇಳಲ್ಪಡುವವುಗಳಲ್ಲಿ ಎರಡು ಮುಖ್ಯವಾದವು. ನೇಪಾಳ, ಸಿಕ್ಕಿಂ, ದಾರ್ಜಿಲಿಂಗ್, ಭೂತಾನಗಳ ಕಡೆಗೆ ಬೆಳೆಯುವ ಫೆರಾಕ್ಸ್ ಒಂದು. ಕಾಶ್ಮೀರದ ಕಡೆಯ ಕ್ಯಾಸ್ಮಾಂಥಮ್ ಇನ್ನೊಂದು. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗಳ ಆಸುಪಾಸಿನ ಎತ್ತರವೇ ಅವಕ್ಕೆ ಹಿತವಾದ ನೆಲೆ. ಅಷ್ಟು ಚಳಿಯಿಲ್ಲದ ನಮ್ಮ ಘಟ್ಟಗಳಲ್ಲಿ ಅವು ಸಿಕ್ಕುವದಿಲ್ಲ.

ಗಿಡವು ಆಳುದ್ದಕ್ಕಿಂತ ಹೆಚ್ಚು ಬೆಳೆಯುವದು ಅಪರೂಪ. ಎಲೆಗಳು ಅಂಗೈಯಂತೆ ಅಗಲವಾಗಿದ್ದು ಆಳವಾಗಿ ಸೀಳಿರುವವು. ಹೂವು ಮಾತ್ರ ಬಹು ಸುಂದರವಾದದ್ದು. ನೀಲಿಗೂ ನೇರಿಳೆಗೂ ನಡುವಿನ ಬಣ್ಣ; ಮೇಲಿನ ಒಂದು ದಳವು ಶಿರಸ್ತ್ರಾಣದಂತೆ ಬಾಗಿ ಉಳಿದವನ್ನು ಮುಚ್ಚಿಕೊಂಡಿರುವದು. ಆ ಟೊಪ್ಪಿಗೆಯೊಳಗೆ ತೂರಿ ಜೇನನ್ನು ಹೀರಬಲ್ಲದ್ದು ಉದ್ದ ನಾಲಿಗೆಯ ದಪ್ಪ ದುಂಬಿಯೊಂದೇ. ನೆಲದೊಳಗೆ ಗೆಡ್ಡೆಗಳು ಜೋಡಿಯಾಗಿರುವವು. ಹೋದ ವರ್ಷದ ತಾಯಿಗೆಡ್ಡೆ ಈ ವರ್ಷದ ಕಾಂಡವನ್ನು ಎತ್ತಿ ನಿಲ್ಲಿಸಿ ತಾನು ಬತ್ತಿಹೋಗುವದು. ಅದರ ಮಗ್ಗುಲಲ್ಲಿ ಮಗಳುಗೆಡ್ಡೆ ಕೊಬ್ಬಿ ಮುಂದಿನ ವರ್ಷಕ್ಕಾಗಿ ಕಾದಿರುವದು. ಈ ಗೆಡ್ಡೆ ಕರುವಿನ ಹೊಕ್ಕುಳಿನಂತೆ ಕಾಣುವದರಿಂದಲೇ ವತ್ಸನಾಭವೆಂಬ ಹೆಸರು ಬಂದಿತೆಂದು ನಮ್ಮ ನಿಘಂಟುಕಾರರು ಹೇಳುವರು. ವಿಷವು ಗಿಡದ ಎಲ್ಲ ಅಂಗಗಳಲ್ಲಿಯೂ ಇದ್ದರೂ ಗೆಡ್ಡೆಯಲ್ಲಿಯೇ ಅದರ ಸಂಗ್ರಹ ಹೆಚ್ಚು.

ಈ ಕುಲದ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಬೇಕು. ವತ್ಸನಾಭಿಯ ಒಡಹುಟ್ಟಿದಂಥ ಇನ್ನೊಂದು ಗಿಡವುಂಟು; ಅದರ ಹೆಸರು ಅತಿವಿಷೆ. ಹೆಸರನ್ನು ಕೇಳಿದವರು ಇದು ವಿಷಗಳಿಗೆಲ್ಲ ದೊಡ್ಡ ವಿಷವೆಂದು ಹೆದರುವರು. ನಿಜವಾಗಿ ನೋಡಿದರೆ ಅದು ವಿಷವನ್ನು ಮೀರಿದ್ದು, ಎಂದರೆ ವಿಷವಿಲ್ಲದ್ದು. ಬಹಳ ಕಹಿಯಾದ ಈ ಬೇರನ್ನು ಮಕ್ಕಳ ಜ್ವರಕ್ಕೂ ಅತಿಸಾರಕ್ಕೂ ನಮ್ಮ ವೈದ್ಯರು ಹಿಂದಿನಿಂದ ಕೊಡುತ್ತ ಬಂದಿರುವರು. ಬಾಲಚಾತುರ್ಭದ್ರ ಚೂರ್ಣದ ನಾಲ್ಕು ದ್ರವ್ಯಗಳಲ್ಲಿ ಇದೂ ಒಂದು. ಒಂದೇ ಕುಲ, ಒಂದೇ ಬೆಟ್ಟ, ಒಂದೇ ಬಗೆಯ ಟೊಪ್ಪಿಗೆಯ ಹೂವು. ಆದರೆ ಒಂದು ಕೂಸಿಗೆ ಕೊಡತಕ್ಕದ್ದು, ಇನ್ನೊಂದು ಆನೆಯನ್ನು ಕೆಡಹತಕ್ಕದ್ದು! ಒಣಗಿದ ಬೇರಿನ ಚೂರುಗಳಾಗಿ ಅವು ಪೇಟೆಗೆ ಬಂದಾಗ ಬಲ್ಲವರ ಕಣ್ಣಿನ ಹೊರತು ಅವುಗಳನ್ನು ಬೇರ್ಪಡಿಸುವವರಾರು?

ವಿಷದ ಚರಿತ್ರೆ

ಈ ಗಿಡದ ಶಕ್ತಿಯನ್ನು ಮೊದಲು ಅರಿತವರು ಪಂಡಿತರಲ್ಲ, ಬೇಟೆಗಾರರು. ಈಗಿನ ಅರುಣಾಚಲ ಪ್ರದೇಶದ ಮಿಶ್ಮಿ ಮೊದಲಾದ ಗಿರಿಜನರು ಬಾಣದ ಮೊನೆಗೆ ಇದರ ಲೇಪವನ್ನು ಮಾಡುತ್ತಿದ್ದರು. ಬಹುದೂರದ ಜಪಾನಿನ ಉತ್ತರದಲ್ಲಿ ಐನು ಜನರೂ ಇದೇ ಜಾತಿಯ ವಿಷದಿಂದ ಕರಡಿಗಳನ್ನು ಬೇಟೆಯಾಡಿದರು. ಯುರೋಪಿನಲ್ಲಿ ತೋಳಗಳನ್ನು ಕೊಲ್ಲಲು ಇದನ್ನು ಬಳಸಿದ್ದರಿಂದ ಅಲ್ಲಿ ಇದಕ್ಕೆ ತೋಳದ ಮೃತ್ಯುವೆಂಬ ಅರ್ಥದ ಹೆಸರೇ ಬಿದ್ದಿತು. ಒಬ್ಬರನ್ನೊಬ್ಬರು ಕಂಡರಿಯದ ಜನಾಂಗಗಳು ಒಂದೇ ಗಿಡದಲ್ಲಿ ಒಂದೇ ಶಕ್ತಿಯನ್ನು ಕಂಡುಕೊಂಡದ್ದು ಯೋಚಿಸತಕ್ಕ ಸಂಗತಿ.

1833ರಲ್ಲಿ ಜರ್ಮನಿಯ ಗೈಗರ್ ಎಂಬ ಪಂಡಿತನು ಯುರೋಪಿನ ಗಿಡದಿಂದ ಅದರ ವಿಷಸಾರವನ್ನು ಬೇರ್ಪಡಿಸಿದನು. ಅದಕ್ಕೆ ಅಕೋನಿಟೈನ್ ಎಂದು ಹೆಸರಾಯಿತು. ನಮ್ಮ ಫೆರಾಕ್ಸಿನಲ್ಲಿ ಅದರ ದಾಯಾದಿಯಾದ ಸ್ಯೂಡಕೋನಿಟೈನ್ ಇರುವದು. ಉಗ್ರತೆಯಲ್ಲಿ ಅದು ಅಕೋನಿಟೈನಿಗೆ ಕಡಮೆಯದಲ್ಲ. ಶುದ್ಧವಾದ ಅಕೋನಿಟೈನ್ ಎರಡು ಮಿಲಿಗ್ರಾಮಿನಷ್ಟು ಹೊಟ್ಟೆಗೆ ಹೋದರೆ ಬೆಳೆದ ಮನುಷ್ಯನು ಸಾಯಬಹುದೆಂದು ವಿಷಶಾಸ್ತ್ರದ ಗ್ರಂಥಗಳು ಹೇಳುವವು. ಒಂದು ಎಳ್ಳಿನ ಕಾಳಿನ ತೂಕವೂ ಇದಕ್ಕಿಂತ ಹೆಚ್ಚು!

ಈ ವಿಷದ ಹೆಸರು ನ್ಯಾಯಾಲಯದಲ್ಲಿಯೂ ಕೇಳಿಬಂದಿತು. ಜಾರ್ಜ್ ಹೆನ್ರಿ ಲ್ಯಾಮ್ಸನ್ ಎಂಬ ಅಮೇರಿಕದ ಮೂಲದ ಡಾಕ್ಟರನು ಹಣದ ಆಸೆಯಿಂದ 1881ರ ಡಿಸೆಂಬರದಲ್ಲಿ ತನ್ನ ಹೆಂಡತಿಯ ತಮ್ಮನಿಗೆ ಅಕೋನಿಟೈನನ್ನು ಉಣಿಸಿ ಕೊಂದನು. ಆಗ ಈ ವಿಷವನ್ನು ಗುರುತಿಸುವ ನಂಬಿಗಸ್ತ ರಸಾಯನಪರೀಕ್ಷೆ ಇರಲಿಲ್ಲ. ಥಾಮಸ್ ಸ್ಟೀವನ್ಸನ್ ಎಂಬ ವಿಷಶಾಸ್ತ್ರಜ್ಞನು ಶವದಿಂದ ತೆಗೆದ ಸಾರವನ್ನು ತನ್ನ ನಾಲಿಗೆಯ ಮೇಲಿಟ್ಟು, ಅದು ಹುಟ್ಟಿಸಿದ ಜುಮುಜುಮು ಮತ್ತು ಜೋಮುಗಳಿಂದ ವಿಷವನ್ನು ಗುರುತಿಸಿದನು. ಇಲಿಗಳ ಮೇಲೆಯೂ ಪರೀಕ್ಷಿಸಿ ನೋಡಿದನು. 1882ರಲ್ಲಿ ಅಪರಾಧಿಗೆ ಗಲ್ಲಾಯಿತು. ನಾಲಿಗೆಯ ಜೋಮು ಈ ವಿಷದ ಸಹಿಯೆಂಬದನ್ನು ಕೇಳಿದವರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಅದರ ಉಪಯೋಗ ಬೀಳುವದು.

ಈ ವಿಷವು ಕೊಲ್ಲುವ ಬಗೆಯನ್ನು ಈಗ ವಿಜ್ಞಾನವು ಸ್ಪಷ್ಟವಾಗಿ ಅರಿತಿದೆ. ನಮ್ಮ ಜ್ಞಾನತಂತುಗಳ ಮತ್ತು ಹೃದಯದ ಜೀವಕೋಶಗಳ ಗೋಡೆಗಳಲ್ಲಿ ಸೋಡಿಯಂ ಕಣಗಳು ಒಳಬರುವ ಅತಿಸೂಕ್ಷ್ಮವಾದ ದ್ವಾರಗಳುಂಟು. ಅವು ಕ್ಷಣಮಾತ್ರ ತೆರೆದು ಕ್ಷಣದಲ್ಲಿ ಮುಚ್ಚುವವು; ಆ ತೆರೆದು ಮುಚ್ಚುವ ತಾಳದಿಂದಲೇ ಹೃದಯವು ಬಡಿಯುವದು, ಸ್ಪರ್ಶವು ತಿಳಿಯುವದು. ಅಕೋನಿಟೈನ್ ಈ ದ್ವಾರಗಳನ್ನು ಮುಚ್ಚಗೊಡುವದಿಲ್ಲ. ಬಾಗಿಲು ತೆರೆದೇ ಉಳಿದ ಮನೆಯಂತೆ ಜೀವಕೋಶವು ತನ್ನ ವಶವನ್ನು ಕಳೆದುಕೊಳ್ಳುವದು. ಮೊದಲು ತುಟಿ ನಾಲಿಗೆಗಳು ಜುಮುಗುಟ್ಟಿ ಮರಗಟ್ಟುವವು. ಬಳಿಕ ಕೈಕಾಲುಗಳ ಜೋಮು, ವಾಂತಿ, ನಿತ್ರಾಣ. ಕೊನೆಗೆ ಹೃದಯವು ತಾಳತಪ್ಪಿ ನಿಲ್ಲುವದು. ಬುದ್ಧಿ ಮಾತ್ರ ಹೆಚ್ಚಾಗಿ ಕಡೆಯವರೆಗೂ ಸ್ವಚ್ಛವಾಗಿರುವದೆಂಬದು ಇದರ ಕ್ರೂರತೆಯನ್ನು ಹೆಚ್ಚಿಸುವದು.

ವಿಷವು ಔಷಧವಾದ ಬಗೆ

ಇಂಥ ಗಿಡವನ್ನು ಕಂಡು ನಮ್ಮ ಪೂರ್ವಿಕರು ಓಡಿಹೋಗಲಿಲ್ಲ. ಕಣ್ಣುಮುಚ್ಚಿ ನುಂಗಲೂ ಇಲ್ಲ. ಸುಶ್ರುತನು ಕಲ್ಪಸ್ಥಾನದಲ್ಲಿ 13 ಬಗೆಯ ಕಂದವಿಷಗಳನ್ನು ಎಣಿಸಿ ಅವುಗಳಲ್ಲಿ ವತ್ಸನಾಭವನ್ನೂ ಸೇರಿಸಿ, ಅದರಲ್ಲಿಯೂ ನಾಲ್ಕು ವಿಧಗಳುಂಟೆಂದು ಹೇಳಿ, ತಿಂದವನಲ್ಲಿ ಕಾಣುವ ಲಕ್ಷಣಗಳನ್ನು ಬರೆದಿಟ್ಟನು. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಒಳ್ಳೆಯ ಮದ್ದಾಗುವದು, ಯುಕ್ತಿಗೆಟ್ಟರೆ ಮದ್ದೂ ವಿಷವಾಗುವದೆಂಬದು ಚರಕನ ಮತ. ಮುಂದೆ ರಸಶಾಸ್ತ್ರವು ಬೆಳೆದ ಕಾಲಕ್ಕೆ ವತ್ಸನಾಭಿಯು ಜ್ವರದ ಔಷಧಗಳಲ್ಲಿ ಮುಖ್ಯಸ್ಥಾನವನ್ನು ಪಡೆಯಿತು. ಬೇರೆ ಮದ್ದುಗಳ ಗುಣವನ್ನು ಹೊತ್ತುಕೊಂಡು ದೇಹದಲ್ಲೆಲ್ಲ ಬೇಗನೆ ಹರಡುವದರಿಂದ ಅದನ್ನು ಯೋಗವಾಹಿಯೆಂದು ಕರೆದರು.

ಆದರೆ ಈ ಶಾಸ್ತ್ರಕಾರರಲ್ಲಿ ಯಾರೂ ಹಸಿಯ ವತ್ಸನಾಭಿಯನ್ನು ಕೊಡಹೇಳಲಿಲ್ಲ. ಮೊದಲು ಶೋಧನೆ, ಆಮೇಲೆ ಯೋಗ. ಇದು ಮೀರಬಾರದ ನಿಯಮ. ಗೆಡ್ಡೆಯನ್ನು ಚೂರುಮಾಡಿ ಗೋಮೂತ್ರದಲ್ಲಿ ನೆನೆಯಿಟ್ಟು, ದಿನದಿನಕ್ಕೂ ಹಳೆಯ ಮೂತ್ರವನ್ನು ಚೆಲ್ಲಿ ಹೊಸದನ್ನು ಹೊಯ್ದು, ಬಿಸಿಲಿಗಿಟ್ಟು ಕೊನೆಗೆ ಒಣಗಿಸುವದು ಒಂದು ಕ್ರಮ. ಬಟ್ಟೆಯಲ್ಲಿ ಕಟ್ಟಿ ದೋಲಾಯಂತ್ರದಲ್ಲಿ ತೂಗಬಿಟ್ಟು ಆಕಳ ಹಾಲಿನಲ್ಲಿ ಕುದಿಸುವದು ಇನ್ನೊಂದು ಕ್ರಮ. ಆ ಹಾಲನ್ನು ಯಾರೂ ಕುಡಿಯುವದಿಲ್ಲ, ಚೆಲ್ಲಿಬಿಡುವರು. ಏಕೆಂದರೆ ವಿಷದ ಒಂದಂಶವು ಅದರೊಳಗೆ ಇಳಿದಿರುವದು.

ಪಾಶ್ಚಾತ್ಯ ವಿದ್ಯೆಯನ್ನು ಕಲಿತ ನಮ್ಮವರಲ್ಲಿ ಎಷ್ಟೋ ಜನರು ಈ ಕ್ರಿಯೆಗಳನ್ನು ಕಂಡು ನಕ್ಕದ್ದುಂಟು. ಆದರೆ ರಸಾಯನಶಾಸ್ತ್ರವೇ ಮುಂದೆ ಬಂದು ಸಾಕ್ಷಿ ನುಡಿಯಿತು. ಅಕೋನಿಟೈನಿನ ಅಣುವಿಗೆ ಎರಡು ಉಪಾಂಗಗಳು ಅಂಟಿಕೊಂಡಿರುವವು. ನೀರಿನಲ್ಲಿ ಬಹಳ ಹೊತ್ತು ನೆನೆದಾಗ, ಕುದಿದಾಗ, ಮೊದಲನೆಯ ಉಪಾಂಗವು ಕಳಚಿ ವಿಷವು ನೂರಾರು ಪಾಲು ಸೌಮ್ಯವಾಗುವದು. ಎರಡನೆಯದೂ ಕಳಚಿದರೆ ಸಾವಿರಾರು ಪಾಲು ಸೌಮ್ಯವಾಗುವದು. ಶೋಧನೆಯೆಂದರೆ ಮಂತ್ರವಲ್ಲ, ಕುರುಡು ಆಚಾರವಲ್ಲ; ಅದೊಂದು ನಿಜವಾದ ರಾಸಾಯನಿಕ ಕ್ರಿಯೆ. ಚೀನದ ವೈದ್ಯರೂ ತಮ್ಮ ನಾಡಿನ ಕಾರ್ಮೈಕೇಲಿ ಎಂಬ ಪ್ರಭೇದದ ಗೆಡ್ಡೆಯನ್ನು ನೆನೆಯಿಟ್ಟು ಕುದಿಸಿಯೇ ಬಳಸುವರು. ಎರಡು ನಾಗರಿಕತೆಗಳು ತಮ್ಮ ತಮ್ಮ ಅನುಭವದಿಂದ ಒಂದೇ ನಿಯಮವನ್ನು ಮುಟ್ಟಿದುವು.

ಈ ವಿಷಯವಾಗಿ ನಾವು ಅಭಿಮಾನಪಡುವದು ಯೋಗ್ಯವೇ ಸರಿ. ಆದರೆ ಅಭಿಮಾನಕ್ಕೂ ಒಂದು ಶೋಧನೆ ಬೇಕು. ವಿಷವನ್ನು ಸೌಮ್ಯಮಾಡುವ ಕ್ರಮವು ಸಿದ್ಧವಾಯಿತೆಂದ ಮಾತ್ರಕ್ಕೆ ಆ ಮದ್ದಿನ ಮೇಲೆ ಹೊರಿಸಿದ ಪ್ರತಿಯೊಂದು ಗುಣವೂ ಸಿದ್ಧವಾದಂತಾಗಲಿಲ್ಲ. ಯಾವ ರೋಗಕ್ಕೆ, ಎಷ್ಟರ ಮಟ್ಟಿಗೆ, ಯಾರಿಗೆ ಎಂಬದನ್ನು ರೋಗಿಗಳ ಮೇಲೆ ಕಟ್ಟುನಿಟ್ಟಾದ ಪರೀಕ್ಷೆಯಿಂದಲೇ ನಿರ್ಣಯಿಸತಕ್ಕದ್ದು. ಯುರೋಪಿನ ಡಾಕ್ಟರರೂ 18ನೆಯ ಶತಮಾನದಿಂದ ಈ ಜಾತಿಯ ಅರ್ಕವನ್ನು ನೋವಿಗೂ ಜ್ವರಕ್ಕೂ ಕೊಡುತ್ತಿದ್ದರು. ಮದ್ದಿನ ಅಳತೆಗೂ ವಿಷದ ಅಳತೆಗೂ ನಡುವೆ ಅಂತರವು ಬಹಳ ಕಿರಿದೆಂದು ಕಂಡು ಮುಂದೆ ಅದನ್ನು ಬಿಟ್ಟುಕೊಟ್ಟರು. ಈ ಮಾತನ್ನೂ ನಾವು ಮುಚ್ಚಿಡಬಾರದು.

ಅಪಾಯವು ಒಳಬರುವ ಬಾಗಿಲುಗಳು

ಹಾಗಾದರೆ ಶೋಧನೆಯ ಶಾಸ್ತ್ರವಿದ್ದೂ ಈ ಗಿಡದಿಂದ ಜನರು ಏಕೆ ಸಾಯುವರು? ನಮ್ಮ ವಿಚಾರದಲ್ಲಿ ಅಪಾಯವು ನಾಲ್ಕು ಬಾಗಿಲುಗಳಿಂದ ಬರುವದು.

ಮೊದಲನೆಯದು ಹೆಸರಿನ ಗೊಂದಲ. ಅತಿವಿಷೆ ಮತ್ತು ವತ್ಸನಾಭಿಗಳ ಮಾತನ್ನು ಆಗಲೇ ಹೇಳಿದೆವು. ಇನ್ನೊಂದನ್ನು ಕೇಳಿರಿ. ನಮ್ಮ ನಾಡಿನ ಬೇಲಿಗಳಲ್ಲಿ ಶ್ರಾವಣ ಭಾದ್ರಪದಗಳಿಗೆ ಬೆಂಕಿಯ ಜ್ವಾಲೆಯಂತೆ ಅರಳುವ ಗೌರಿಹೂವಿನ ಬಳ್ಳಿಯುಂಟಷ್ಟೇ? ಅಗ್ನಿಶಿಖೆ, ಲಾಂಗಲಿ ಎಂಬವೂ ಅದರ ಹೆಸರುಗಳೇ. ಮರಾಠಿಯಲ್ಲಿ ಆ ಬಳ್ಳಿಗೂ ಬಚನಾಗವೆಂಬ ಹೆಸರುಂಟು. ಅದೂ ವಿಷವೇ, ಆದರೆ ಅದರ ವಿಷ ಬೇರೆ, ಲಕ್ಷಣ ಬೇರೆ, ಚಿಕಿತ್ಸೆ ಬೇರೆ. ಗಡಿಭಾಗದ ಪೇಟೆಯಲ್ಲಿ ಒಬ್ಬನು ಬಚನಾಗ ಕೊಡೆಂದರೆ ಅಂಗಡಿಯವನು ಯಾವದನ್ನು ಕೊಡುವನೋ! ಹೆಸರಿನ ತೊಡಕು ಬಡವರ ಪೇಟೆಗೆ ಮಾತ್ರ ಸಂಬಂಧಿಸಿದ್ದಲ್ಲ. 2022ರ ಆಗಸ್ಟಿನಲ್ಲಿ ಕೆನಡಾ ದೇಶದ ಮಾರ್ಕಮ್ ಎಂಬ ಊರಿನ ಉಪಾಹಾರಗೃಹವೊಂದರಲ್ಲಿ ಉಂಡ ಹತ್ತಕ್ಕೂ ಹೆಚ್ಚು ಜನರು ಕೆಲವೇ ಹೊತ್ತಿನಲ್ಲಿ ಹಾಸಿಗೆ ಹಿಡಿದರು. ಅಡಿಗೆಗೆ ಹಾಕಿದ ಶುಂಠಿಯ ಜಾತಿಯ ಗೆಡ್ಡೆಯೊಂದರ ಪುಡಿಯಲ್ಲಿ ಅಕೋನಿಟೈನ್ ಬೆರೆತದ್ದು ಆಮೇಲೆ ಗೊತ್ತಾಯಿತು. ಪುಡಿಯಾದ ಮೇಲೆ ಎಲ್ಲ ಬೇರುಗಳೂ ಒಂದೇ!

ಎರಡನೆಯದು ಅರೆಶೋಧನೆ. ಮೂರು ದಿನದ ಕೆಲಸವನ್ನು ಒಂದೇ ದಿನಕ್ಕೆ ಮುಗಿಸಿ, ಮೂರು ತಾಸು ಕುದಿಯತಕ್ಕದ್ದನ್ನು ಅರ್ಧ ತಾಸು ಕುದಿಸಿ ಲಾಭಮಾಡಿಕೊಳ್ಳುವ ಕೈಗಳಿಗೆ ಶಾಸ್ತ್ರದ ಹೆಸರು ಒಂದು ಮರೆ ಮಾತ್ರ. ಕಳೆದ ಶತಮಾನದ ಕೊನೆಯಲ್ಲಿ ಹಾಂಗ್‌ಕಾಂಗಿನ ದವಾಖಾನೆಗಳಲ್ಲಿ ಇದೇ ಜಾತಿಯ ಬೇರಿನ ಕಷಾಯವನ್ನು ಕುಡಿದು ಹೃದಯಕ್ಕೆ ಘಾತವಾದವರನ್ನು ಡಾಕ್ಟರರು ಮೇಲಿಂದ ಮೇಲೆ ಕಂಡರು. ಸಂಸ್ಕಾರವು ಕಡಮೆಯಾದದ್ದು, ಅಳತೆಯು ಹೆಚ್ಚಾದದ್ದು, ಇವೇ ಕಾರಣವೆಂದು ವರದಿಯಾಯಿತು.

ಮೂರನೆಯದು ಅಳತೆ. ಶೋಧಿಸಿದ ವತ್ಸನಾಭಿಯ ಪ್ರಮಾಣವು 8ರಿಂದ 16 ಮಿಲಿಗ್ರಾಮು, ಎಂದರೆ ಒಂದು ಗುಲಗಂಜಿಯ ತೂಕದ ಹದಿನಾರನೆಯ ಒಂದು ಪಾಲಿನಿಂದ ಎಂಟನೆಯ ಒಂದು ಪಾಲಿನವರೆಗೆ ಮಾತ್ರ. ಚಿಟಿಕೆಯಿಂದಲೂ ಚಮಚದಿಂದಲೂ ಅಳೆಯತಕ್ಕ ವಸ್ತುವಲ್ಲ ಇದು. ಒಂದು ಗುಳಿಗೆಯಿಂದ ಗುಣವಾದರೆ ನಾಲ್ಕರಿಂದ ಬೇಗ ಗುಣವಾಗುವದೆಂಬ ನಮ್ಮ ಜನರ ಲೆಕ್ಕ ಇಲ್ಲಿ ಪ್ರಾಣಕ್ಕೆ ಮುಳುವಾಗುವದು. ಅದರಲ್ಲಿಯೂ ಹೃದ್ರೋಗಿಗಳು, ಗರ್ಭಿಣಿಯರು, ಮಕ್ಕಳು, ಮುದುಕರು ತಾವಾಗಿ ಇದರ ಗೊಡವೆಗೇ ಹೋಗಬಾರದು.

ನಾಲ್ಕನೆಯ ಬಾಗಿಲು ಮಿಕ್ಕ ಮೂರಕ್ಕಿಂತಲೂ ಅಗಲವಾದದ್ದು, ಅದು ಕೊರತೆ. ಹಿಮಾಲಯದ ಈ ಗಿಡಗಳು ದಿನದಿನಕ್ಕೆ ಅಪರೂಪವಾಗುತ್ತಲಿವೆ. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಗಿಡವು ಉಳಿಯುವದು. ಗೆಡ್ಡೆಯನ್ನು ಅಗೆದರೆ ಗಿಡವೇ ಹೋಯಿತು, ಅದರ ಮುಂದಿನ ವರ್ಷವೂ ಹೋಯಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅತಿವಿಷೆಯನ್ನು ಅಪಾಯಕ್ಕೊಳಗಾದ ಸಸ್ಯಗಳಲ್ಲಿಯೂ ಕ್ಯಾಸ್ಮಾಂಥಮನ್ನು ತೀವ್ರ ಅಪಾಯಕ್ಕೊಳಗಾದವುಗಳಲ್ಲಿಯೂ ಎಣಿಸಿರುವದು. ಬೆಟ್ಟದ ಬಡವನು ಹೊಟ್ಟೆಯ ಪಾಡಿಗಾಗಿ ಅಗೆಯುವನು. ನಡುವಿನ ದಲಾಲನು ಲಾಭವನ್ನು ತಿನ್ನುವನು. ಸರಕು ಕಡಮೆಯಾಗಿ ಬೆಲೆ ಏರಿದಾಗ ಒಂದರ ಬದಲು ಇನ್ನೊಂದನ್ನು ಬೆರಸುವ ದುರಾಶೆ ಹುಟ್ಟುವದು. ಗಿಡವನ್ನು ಉಳಿಸುವದೂ ರೋಗಿಯನ್ನು ಉಳಿಸುವದೂ ಕೊನೆಗೆ ಒಂದೇ ಕೆಲಸವೆಂದು ಇದರಿಂದ ತಿಳಿಯುವದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ಜನರ ಸ್ವಭಾವವನ್ನು ಚೆನ್ನಾಗಿ ತೋರಿಸುವದು. ಜಾತ್ರೆಗಳಲ್ಲಿಯೂ ರಸ್ತೆಯ ಬದಿಗಳಲ್ಲಿಯೂ ಡೇರೆ ಹಾಕಿ ಹಿಮಾಲಯದ ಜಡಿಬೂಟಿಯೆಂದು ಕೂಗಿ ಮಾರುವವರ ಸುತ್ತ ಜನರು ಮುತ್ತುವದನ್ನು ನಾವೆಲ್ಲರೂ ಕಂಡಿರುವೆವು. ದೂರದಿಂದ ಬಂದ ಬೇರಿಗೆ ದೂರದ ಮಹಿಮೆಯನ್ನು ನಾವೇ ಅಂಟಿಸುವೆವು. ಪ್ರಕೃತಿಯಿಂದ ಬಂದದ್ದರಿಂದ ಅಪಾಯವಿಲ್ಲವೆಂಬ ಮಾತನ್ನು ಈಗ ಓದಿದವರೂ ಆಡುವರು. ವತ್ಸನಾಭಿಯೂ ಪ್ರಕೃತಿಯ ಕೂಸೇ ಅಲ್ಲವೆ?

ಆದುದರಿಂದ ಒಂದು ಮಾತನ್ನು ಈ ಸಭೆಯ ಪ್ರತಿಯೊಬ್ಬರೂ ಮನೆಗೆ ಒಯ್ಯಬೇಕು. ಯಾವದೇ ನಾಟಿಮದ್ದನ್ನೋ ಬೇರಿನ ಕಷಾಯವನ್ನೋ ಸೇವಿಸಿದ ಸ್ವಲ್ಪ ಹೊತ್ತಿಗೆ ತುಟಿ ನಾಲಿಗೆಗಳು ಜುಮುಗುಟ್ಟಿ ಮರಗಟ್ಟಿದರೆ, ಮದ್ದು ಕೆಲಸಮಾಡುತ್ತಿದೆಯೆಂದು ಸುಮ್ಮನೆ ಕೂಡಬಾರದು. ಹುಣಿಸೆಯ ನೀರು, ತುಪ್ಪ, ಮಜ್ಜಿಗೆಗಳಿಂದ ಕಾಲಹರಣವನ್ನೂ ಮಾಡಬಾರದು. ಉಳಿದ ಮದ್ದನ್ನು ಕೈಯಲ್ಲಿ ಹಿಡಿದು ಕೂಡಲೆ ದೊಡ್ಡ ದವಾಖಾನೆಗೆ ಹೋಗಬೇಕು. ಈ ವಿಷಕ್ಕೆ ನೇರವಾದ ಪ್ರತಿವಿಷವಿಲ್ಲ. ಆದರೆ ಹೃದಯದ ತಾಳವನ್ನು ಕ್ಷಣಕ್ಷಣಕ್ಕೂ ನೋಡುತ್ತ, ಅದನ್ನು ಸರಿಪಡಿಸುವ ಮದ್ದುಗಳನ್ನು ಕೊಡುತ್ತ, ವಿಷವು ಇಳಿಯುವವರೆಗೆ ಪ್ರಾಣವನ್ನು ಹಿಡಿದುನಿಲ್ಲಿಸುವ ಉಪಾಯಗಳು ಈಗಿನ ವೈದ್ಯರಲ್ಲಿವೆ. ಹೊತ್ತಿಗೆ ಸರಿಯಾಗಿ ಹೋದವರಲ್ಲಿ ಹೆಚ್ಚಿನವರು ಬದುಕುವರು.

ಕನ್ನಡಿಗರ ಕರ್ತವ್ಯ

ಇನ್ನು ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರುವೆವು. ವಿಷದ ವಿದ್ಯೆಯನ್ನು ಜನರ ನುಡಿಯಲ್ಲಿ ಹೇಳತಕ್ಕದ್ದೆಂಬ ಅರಿವು ಕನ್ನಡಿಗರಿಗೆ ಹೊಸದಲ್ಲ. 11ನೆಯ ಶತಮಾನದಲ್ಲಿಯೇ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವಿಷವೈದ್ಯಕ್ಕೆ ಸ್ಥಳವನ್ನು ಕೊಟ್ಟನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ವಿಜಯನಗರದ ಆರಂಭಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಂಗರಾಜನೆಂಬ ಜೈನಕವಿಯು ಖಗೇಂದ್ರಮಣಿದರ್ಪಣವೆಂಬ ದೊಡ್ಡ ಗ್ರಂಥವನ್ನು ಬರೆದನು. ಅದು ಮೊದಲಿನಿಂದ ಕಡೆಯವರೆಗೂ ವಿಷವೈದ್ಯ. ಗಿಡಮೂಲಗಳಿಂದ ಬರುವ ಸ್ಥಾವರವಿಷ, ಹಾವು ಚೇಳು ಮೊದಲಾದವುಗಳಿಂದ ಬರುವ ಜಂಗಮವಿಷ, ಇವೆರಡನ್ನೂ ಕುರಿತು ಆತನು ಕನ್ನಡದ ಪದ್ಯಗಳಲ್ಲಿ ಹೇಳಿದನು. ಸಂಸ್ಕೃತವನ್ನು ಬಲ್ಲ ಆ ವಿದ್ವಾಂಸನಿಗೆ ಸಂಸ್ಕೃತದಲ್ಲಿ ಬರೆಯುವದು ಕಷ್ಟವಾಗಿತ್ತೆ? ಹಾವು ಕಚ್ಚಿದವನ ಮನೆಯವರು, ವಿಷದ ಬೇರನ್ನು ತಿಂದವನ ನೆರೆಯವರು ಓದಿ ಕೇಳಿ ತಿಳಿಯಬೇಕಾದರೆ ಅದು ಅವರ ಮಾತಿನಲ್ಲಿಯೇ ಇರಬೇಕಲ್ಲದೆ ಬೇರೆ ದಾರಿಯಿಲ್ಲ.

ಈಗಿನ ಸ್ಥಿತಿಯನ್ನು ನೋಡಿರಿ. 1940ರ ಔಷಧ ಕಾಯಿದೆಯ ಮೇರೆಗೆ ಆದ 1945ರ ನಿಯಮಗಳಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯೊಂದುಂಟು. ಅದರಲ್ಲಿ ವತ್ಸನಾಭಿಯೂ, ನಮ್ಮ ಬೇಲಿಯ ಲಾಂಗಲಿಯೂ, ದತ್ತೂರ, ಗುಲಗಂಜಿ, ಕಣಗಿಲೆಗಳೂ ಸೇರಿವೆ. ಇವುಗಳನ್ನು ಕೂಡಿಸಿ ಮಾಡಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಡಬ್ಬಿಯ ಮೇಲೆ, ವೈದ್ಯರ ನೋಟದಲ್ಲಿ ಮಾತ್ರ ಸೇವಿಸತಕ್ಕದ್ದೆಂಬ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಮುದ್ರಿಸಬೇಕೆಂದು ಅಪ್ಪಣೆಯಾಗಿದೆ. ಬಹಳ ಒಳ್ಳೆಯ ಅಪ್ಪಣೆ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ! ರಾಯಚೂರಿನ ರೈತನೂ, ಚಾಮರಾಜನಗರದ ಕೂಲಿಯ ಹೆಂಗಸೂ, ಕಾರವಾರದ ಮೀನುಗಾರನೂ ಆ ಎರಡು ಸಾಲುಗಳನ್ನು ಡಬ್ಬಿಯ ಅಲಂಕಾರವೆಂದು ತಿಳಿದು ಗುಳಿಗೆಯನ್ನು ನುಂಗುವರು. ಎಚ್ಚರಿಕೆಯನ್ನು ಕೊಟ್ಟವರಿಗೆ ಕಾಯಿದೆ ಪಾಲಿಸಿದ ಸಮಾಧಾನವಾಯಿತು, ಎಚ್ಚರಗೊಳ್ಳಬೇಕಾದವನಿಗೆ ಎಚ್ಚರವಾಗಲಿಲ್ಲ.

ನಾಡು 1956ರಲ್ಲಿ ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ತನ್ನ ಹೆಸರನ್ನು ಪಡೆಯಿತು. ಅದಕ್ಕಾಗಿ ಹಿರಿಯರು ಪಟ್ಟ ಶ್ರಮವು ನಕಾಶೆಯ ಮೇಲಿನ ಒಂದು ಗೆರೆಯ ಸಲುವಾಗಿ ಮಾತ್ರವಾಗಿರಲಿಲ್ಲ. ಕನ್ನಡಿಗನು ತನ್ನ ಜೀವನದ ವ್ಯವಹಾರವನ್ನು ತನ್ನ ನುಡಿಯಲ್ಲಿ ನಡೆಸಬೇಕೆಂಬದೇ ಅದರ ಒಳತಿರುಳು. ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಿಂತ ದೊಡ್ಡ ವ್ಯವಹಾರವಾವುದು? ಕನ್ನಡ ನಾಡಿನಲ್ಲಿ ಮಾರುವ ಡಬ್ಬಿಯ ಮೇಲೆ ಕನ್ನಡದಲ್ಲಿಯೂ ಮುದ್ರಿಸಿದರೆ ಯಾವ ನಿಯಮವೂ ಮುರಿಯುವದಿಲ್ಲ; ಹಿಂದಿಗೂ ಇಂಗ್ಲಿಷಿಗೂ ಅದರಿಂದ ಯಾವ ಕುಂದೂ ಬಾರದು.

ಆದುದರಿಂದ ನಾವು ನಾಲ್ಕು ಸೂಚನೆಗಳನ್ನು ಸಭೆಯ ಮುಂದಿಡುವೆವು. ವಿಷದ್ರವ್ಯಗಳು ಕೂಡಿದ ಔಷಧಗಳ ಮೇಲೆ ದೊಡ್ಡ ಅಕ್ಷರಗಳ ಕನ್ನಡ ಎಚ್ಚರಿಕೆ ಇರಲೇಬೇಕೆಂದು ಸರಕಾರವನ್ನೂ ತಯಾರಕರನ್ನೂ ಒತ್ತಾಯಪಡಿಸುವದು ಒಂದು. ಗ್ರಂಧಿಗೆ ಅಂಗಡಿಯವರು ಹಸಿಯ ವತ್ಸನಾಭಿಯನ್ನು ವೈದ್ಯರ ಚೀಟಿಯಿಲ್ಲದೆ ಯಾರಿಗೂ ಕೊಡದಿರುವದು, ಮತ್ತು ಅದನ್ನು ಬೇರೆ ಸಾಮಾನುಗಳಿಂದ ದೂರ, ಹೆಸರು ಬರೆದ ಮುಚ್ಚಿದ ಡಬ್ಬಿಯಲ್ಲಿಡುವದು ಎರಡನೆಯದು. ವೈದ್ಯರು ತಾವು ಕೊಡುವ ಮದ್ದಿನಲ್ಲಿ ವಿಷದ್ರವ್ಯವಿದ್ದರೆ ಅದನ್ನು ಮರೆಮಾಡದೆ, ಅಳತೆಯನ್ನೂ ಅಪಾಯದ ಲಕ್ಷಣಗಳನ್ನೂ ಕನ್ನಡದಲ್ಲಿ ಬರೆದುಕೊಡುವದು ಮೂರನೆಯದು. ಗಿಡದ ಶಾಸ್ತ್ರೀಯ ನಾಮ, ಸಂಸ್ಕೃತ ನಾಮ, ಜಿಲ್ಲೆಜಿಲ್ಲೆಗಳ ಕನ್ನಡ ಹೆಸರುಗಳು, ನೆರೆನುಡಿಗಳ ಹೆಸರುಗಳು, ಇವೆಲ್ಲವನ್ನು ಚಿತ್ರಸಹಿತವಾಗಿ ಒಂದೆಡೆ ಕೂಡಿಸಿದ ವಿಷಸಸ್ಯಗಳ ಕನ್ನಡ ಕೈಪಿಡಿಯನ್ನು ಪ್ರತಿಯೊಂದು ಶಾಲೆಗೂ ದವಾಖಾನೆಗೂ ಮುಟ್ಟಿಸುವದು ನಾಲ್ಕನೆಯದು. ಇವುಗಳಲ್ಲಿ ಯಾವದಕ್ಕೂ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು.

ವೈದ್ಯಬಂಧುಗಳಿಗೆ ಒಂದು ವಿನಂತಿ. ನಮ್ಮ ವೈದ್ಯವನ್ನು ಹೀಗಳೆಯುವವರ ಮೇಲೆ ನಾವು ಸಿಟ್ಟಾಗುವೆವು. ಆದರೆ ಅರೆಶೋಧಿಸಿದ ಒಂದು ಗುಳಿಗೆಯು ನೂರು ಜನ ನಿ೦ದಕರು ಮಾಡಲಾರದ ಹಾನಿಯನ್ನು ಈ ಶಾಸ್ತ್ರಕ್ಕೆ ಮಾಡಬಲ್ಲದು. ಶೋಧನೆಯನ್ನು ಬಿಟ್ಟು ಗಿಡವನ್ನು ಮಾತ್ರ ಉಳಿಸಿಕೊಂಡವನು ಪರಂಪರೆಯನ್ನು ಉಳಿಸಿದವನಲ್ಲ. ಏಕೆಂದರೆ ಗಿಡವು ಬೆಟ್ಟದ್ದು, ವಿಷವು ಗಿಡದ್ದು. ನಮ್ಮ ಹಿರಿಯರದೆಂದು ಹೇಳಬಹುದಾದದ್ದು ಅದನ್ನು ಪಳಗಿಸಿದ ತಾಳ್ಮೆಯೂ ಎಚ್ಚರವೂ ಮಾತ್ರ. ಆ ಎಚ್ಚರವನ್ನು ಮಂಗರಾಜನು ಕನ್ನಡದಲ್ಲಿ ಬರೆದು ಆರು ನೂರು ವರ್ಷಗಳ ಮೇಲಾಯಿತು. ನಾವು ಡಬ್ಬಿಯ ಮೇಲೆ ಒಂದು ಸಾಲನ್ನಾದರೂ ಕನ್ನಡದಲ್ಲಿ ಬರೆಯಿಸಲಾರೆವೆ?